ತಲೆಯಿಲ್ಲದ ಅಂಕಿಗಳು

ಮನುಷ್ಯನ ಪ್ರೋಟೀನುಗಳ ಫೈಲು ಮತ್ತೆ ಅರ್ಧಕ್ಕೆ ನಿಂತಿತ್ತು. ಪರದೆಯ ಮೇಲಿನ ನೀಲಿ ಪಟ್ಟಿ ನಡುವಿನವರೆಗೆ ತುಂಬಿ, ಅಲ್ಲಿಂದ ಮುಂದೆ ಕದಲುತ್ತಿರಲಿಲ್ಲ. ನಮ್ಮ ಸಂಶೋಧನಾ ವಿದ್ಯಾರ್ಥಿನಿ ಮೌಸನ್ನು ಎತ್ತಿ ಮೇಜಿಗೆ ಒಂದೇಟು ಕುಟ್ಟಿದಳು.

“ಮೇಡಂ, ಮನುಷ್ಯ ಸೊಂಟದವರ್ಗೂ ಬಂದು ನಿಂತ್ಬುಟ್ಟ.”

“ಕೆಳಗೆ ಆಫೀಸಲ್ಲಿ ಯಾರೋ ಫೋನ್ ಎತ್ತಿದಾರೆ ಕಣೇ. ಹೋಗಿ ಇಡ್ಸಿ ಬಾ.”

“ಈಗಿನ್ನೂ ಓಗಿದ್ದೆ. ನಿಮ್ ಕಂಪ್ಯೂಟ್ರಿಗೋಸ್ಕರ ನಾವು ಎಂಡ್ರು ಮಕ್ಳ ತಾವ ಮಾತಾಡದ್ ಬ್ಯಾಡ್ವಾ ಅಂದ್ರು.”

ಇದು ಎರಡು ಸಾವಿರದ ನಾಲ್ಕೋ ಐದೋ ಇಸವಿಯ ಮಾತು. ಮೈಸೂರಿನ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಪ್ರಯೋಗಾಲಯಕ್ಕೆ ಇಂಟರ್ನೆಟ್ ಬರುತ್ತಿದ್ದುದು ಆಫೀಸಿನ ಫೋನಿನ ತಂತಿಯಲ್ಲೇ. ಯಾರಾದರೂ ರಿಸೀವರ್ ಎತ್ತಿದರೆ ನಮ್ಮ ಕೆಲಸ ಢಮಾರ್. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆಯ ಹತ್ತಿರ ಒಂದು ಸೈಬರ್ ಕೆಫೆ ಇತ್ತು. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ ಕುಳಿತು, ಫೈಲನ್ನು ಇಳಿಸಿ, ಸಿ.ಡಿ.ಗೆ ಹಾಕಿಸಿಕೊಂಡು, ದಂಟಿನ ಸೊಪ್ಪಿನ ಚೀಲದಲ್ಲಿ ಇಟ್ಟುಕೊಂಡು ಕಾಲೇಜಿಗೆ ಬಂದೆ. ಇಡೀ ಮನುಷ್ಯಕುಲವನ್ನು ಸೊಪ್ಪಿನ ಜೊತೆ ಹೊತ್ತವಳು ಮೈಸೂರಿನಲ್ಲಿ ಇನ್ನೊಬ್ಬಳಿರಲಾರಳು.

ಮನುಷ್ಯ ಯಾಕೆ ಬೇಕಿತ್ತು ಎಂದು ಹೇಳಿಬಿಡುತ್ತೇನೆ. ಒಸಡಿನ ಕೆಳಗೆ, ಗಾಳಿಯಾಡದ ಸಂದಿಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಅದು ಸೇರಿಕೊಂಡರೆ ಒಸಡು ಊದಿ, ರಕ್ತ ಒಸರಿ, ಹಲ್ಲಿನ ಬುಡದ ಮೂಳೆ ಕರಗಿ, ಕೊನೆಗೆ ಗಟ್ಟಿ ಹಲ್ಲೂ ಅಲುಗಾಡುತ್ತದೆ. ಅದರ ಲ್ಯಾಟಿನ್ ಹೆಸರು ಬಸ್ಸಿನಷ್ಟು ಉದ್ದ. ನಾವು ಒಸಡಿನ ಕ್ರಿಮಿ ಎನ್ನುತ್ತಿದ್ದೆವು. (ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಮೊನ್ನೆ ಮೊನ್ನೆ ಕಲಿತಿದ್ದೇನೆ. ಇದು ನನ್ನ ಕ್ರಿಮಿಯನ್ನೆಲ್ಲ ಕ್ರೀಮು ಮಾಡುತ್ತಿದೆ. ಎಲ್ಲಾದರೂ ಒಸಡಿನ ಕ್ರೀಮು ಎಂದು ಉಳಿದಿದ್ದರೆ ದಯವಿಟ್ಟು ಹಚ್ಚಿಕೊಳ್ಳಬೇಡಿ.)

ಆ ಕ್ರಿಮಿಯ ವಂಶವಾಹಿಯ ಪೂರ್ತಿ ಪಾಠ ಆಗತಾನೇ ಎಲ್ಲರಿಗೂ ಸಿಗುವಂತಾಗಿತ್ತು. ಅದರ ಹೊಟ್ಟೆಯೊಳಗೆ ಸುಮಾರು ಎರಡು ಸಾವಿರ ಬಗೆಯ ಪ್ರೋಟೀನುಗಳಿವೆ. ಅದರಲ್ಲಿ ಯಾವುದು ಇಲ್ಲದಿದ್ದರೆ ಕ್ರಿಮಿ ಸಾಯುತ್ತದೆ, ಮತ್ತು ಯಾವುದು ಮನುಷ್ಯನಲ್ಲಿ ಇಲ್ಲ? ಎರಡಕ್ಕೂ ಹೌದು ಎನ್ನುವ ಪ್ರೋಟೀನು ಸಿಕ್ಕರೆ ಅದೇ ಗುರಿ. ಔಷಧಿ ಅಲ್ಲಿಗೆ ಹೊಡೆದರೆ ಕ್ರಿಮಿ ಸಾಯುತ್ತದೆ, ಮನುಷ್ಯ ಉಳಿಯುತ್ತಾನೆ. ಮೊದಲು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಸೋಸಿ, ಉಳಿದದ್ದನ್ನು ಮಾತ್ರ ಪ್ರಯೋಗಕ್ಕೆ ತರಬೇಕು ಎಂಬುದು ಆಗಿನ ಹೊಸ ದಾರಿ.

ದಾರಿ ಹಿಡಿದವಳು ಈ ಹುಡುಗಿ. ಮೈಸೂರಿನ ಪಕ್ಕದ ಹಳ್ಳಿಯ ಬೇಸಾಯದ ಮನೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಅವಳ ಮಾತಿನಲ್ಲಿ ಹಕಾರ ಎನ್ನುವುದೇ ಇರಲಿಲ್ಲ. ಹಲ್ಲು ಅಲ್ಲು, ಹಾಲು ಆಲು. ಅವಳ ಫೆಲೋಶಿಪ್ಪಿನ ಮೊದಲ ಅವಧಿ ಮುಗಿಯುತ್ತ ಬಂದಿತ್ತು. ಕಮಿಟಿಯ ಮುಂದೆ ಒಂದು ಗಟ್ಟಿ ಗುರಿಯನ್ನು ತೋರಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ತೋರಿಸದಿದ್ದರೆ ಡಾಕ್ಟರೇಟಿನ ಆಸೆ ಅಲ್ಲಿಗೇ ಕೈಬಿಟ್ಟ ಹಾಗೆ. ಅವಳ ಮಾರ್ಗದರ್ಶಿ ನಮ್ಮ ವಿಭಾಗದ ಪ್ರೊಫೆಸರು. ನಾನು ಹೆಸರಿಗೆ ಸಹಮಾರ್ಗದರ್ಶಿ. ಅಂದರೆ ಪ್ರೊಫೆಸರು ಗದರಿದ ಮೇಲೆ ಬಂದು ಕುಳಿತುಕೊಳ್ಳುವ ಕುರ್ಚಿ.

ಹೋಲಿಕೆ ನೋಡುವ ಪ್ರೋಗ್ರಾಮನ್ನು ಓಡಿಸಲು ಶುರು ಮಾಡಿದೆವು. ಕ್ರಿಮಿಯ ಒಂದೊಂದು ಪ್ರೋಟೀನನ್ನೂ ಮನುಷ್ಯನ ಎಲ್ಲ ಪ್ರೋಟೀನುಗಳ ಪಕ್ಕ ಇಟ್ಟು, ಎಷ್ಟು ಹೋಲುತ್ತದೆ ಎಂದು ಅದು ಅಂಕಿ ಕೊಡಬೇಕು. ಕಂಪ್ಯೂಟರ್ ಕಾದ ಕಾವಲಿಯಂತಾಗುತ್ತಿತ್ತು. ಅದರ ಪಕ್ಕದ ತಗಡು ಬಿಚ್ಚಿ ಮೇಜಿನ ಫ್ಯಾನನ್ನು ಅದರ ಹೊಟ್ಟೆಗೆ ತಿರುಗಿಸಿ ಇಟ್ಟೆವು. ನಮಗೆ ಬೆವರು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು. ಯು.ಪಿ.ಎಸ್. ಸ್ವಲ್ಪ ಹೊತ್ತು ಕೀಂ ಕೀಂ ಎಂದು ಅತ್ತು ಪ್ರಾಣ ಬಿಟ್ಟಿತು. ಮತ್ತೆ ಮೊದಲಿನಿಂದ. ಎರಡನೆಯ ಸಲವೂ ಹಾಗೇ. ಪಾಠ ಮಾಡುತ್ತಿರುವಾಗ ತರಗತಿಯ ಫ್ಯಾನ್ ನಿಂತರೆ ಸಾಕು, ಸೀಮೆಸುಣ್ಣ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡುತ್ತಿದ್ದೆ. ಆಮೇಲೆ ಹುಡುಗಿಗೇ ಹೊಳೆಯಿತು. ಕ್ರಿಮಿಯ ಫೈಲನ್ನು ಚೂರು ಚೂರಾಗಿ ಕತ್ತರಿಸಿ ಒಂದೊಂದನ್ನೇ ಓಡಿಸಿದಳು. ಕರೆಂಟು ಹೋದರೆ ಒಂದು ಚೂರು ಮಾತ್ರ ನಷ್ಟ. ಹಾಗೆ ಮುಗಿಯಿತು.

ಬಂದ ಅಂಕಿಗಳ ರೀತಿ ಹೀಗೆ. ಮೊದಲು ಒಂದು ಅಂಕಿ, ಆಮೇಲೆ ಇಂಗ್ಲಿಷಿನ ಇ ಅಕ್ಷರ, ಒಂದು ಅಡ್ಡಗೆರೆ, ಮತ್ತೊಂದು ಅಂಕಿ. 4ಇ-67 ಎಂದರೆ ಬಿಂದುವಿನ ಮುಂದೆ ಸಾಲುಗಟ್ಟಲೆ ಸೊನ್ನೆಗಳಾದ ಮೇಲೆ ಒಂದು ನಾಲ್ಕು. ಇಷ್ಟು ಹೋಲಿಕೆ ಬರಿಯ ಆಕಸ್ಮಿಕವಾಗಿರಲು ಅಷ್ಟು ಚಿಕ್ಕ ಸಾಧ್ಯತೆ ಎಂದು ಅರ್ಥ. ಅಂಕಿ ಚಿಕ್ಕದಾದಷ್ಟೂ ಹೋಲಿಕೆ ಹೆಚ್ಚು. ಪ್ರೊಫೆಸರು ಅಷ್ಟನ್ನೂ ಎಕ್ಸೆಲ್ ಹಾಳೆಗೆ ತುಂಬಿಸಲು ಹೇಳಿದರು. ಅವರಿಗೆ ಎಲ್ಲವೂ ನೀಟಾಗಿರಬೇಕು. ಅಂಕಿಗಳೆಲ್ಲ ಕಾಲಂನ ನಟ್ಟನಡುವೆ ನಿಲ್ಲಬೇಕು. ಅದನ್ನು ಅವರೇ ಕೂತು ಮಾಡಿದರು. ಆಮೇಲೆ ಇಂಥ ಮಿತಿಗಿಂತ ಚಿಕ್ಕ ಅಂಕಿ ಇರುವ ಸಾಲನ್ನೆಲ್ಲ ತೆಗೆದುಹಾಕು ಎಂದು ಎಕ್ಸೆಲ್ಲಿಗೆ ಹೇಳಿದೆವು. ಮನುಷ್ಯನನ್ನು ಹೋಲುವವು ಹೋದವು. ಉಳಿದವನ್ನು, ಬೇರೆ ಬ್ಯಾಕ್ಟೀರಿಯಾಗಳಲ್ಲಿ ಜೀವಕ್ಕೆ ಬೇಕೇಬೇಕು ಎಂದು ಆಗಲೇ ಗೊತ್ತಿದ್ದ ಪ್ರೋಟೀನುಗಳ ಜೊತೆ ಹೋಲಿಸಿ ಮತ್ತೆ ಸೋಸಿದೆವು.

ಎಲ್ಲಕ್ಕಿಂತ ಮೇಲೆ ಬಂದು ಕೂತದ್ದು ಒಂದು ಕಿಣ್ವ. ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಜೀವಕೋಶ ಬಳಸುವಂತೆ ಸಿದ್ಧಮಾಡುವುದು ಅದರ ಕೆಲಸ. ಅದರ ಹೆಸರನ್ನು ಓದಿದ ಗಳಿಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮದುವೆ ಮನೆಯಲ್ಲಿ ಯಾರೋ ನಕ್ಕು ಮಾತಾಡಿಸುತ್ತಾರೆ, ಮುಖ ಪರಿಚಯ, ಹೆಸರು ಬರುವುದಿಲ್ಲವಲ್ಲ, ಆ ಬಗೆಯ ಕಸಿವಿಸಿ.

“ಸರ್, ಇದು ನಮ್ಮಲ್ಲೂ ಇಲ್ವಾ? ಲಿವರ್‌ನಲ್ಲಿ?” ಎಂದು ಕೇಳಿದೆ.

“ಇದೆ ಕಣ್ರೀ. ಅದೇ ಮಜಾ ನೋಡಿ. ಕೆಲಸ ಒಂದೇ, ರಚನೆ ಬೇರೆ. ಹೋಲಿಕೆ ಇಲ್ಲ ಅಂತ ಕಂಪ್ಯೂಟರ್ರೇ ಹೇಳಿದೆಯಲ್ಲ. ಇಂಥದ್ದು ಸಿಗೋದೇ ಅಪರೂಪ.”

ಅದು ತಪ್ಪು ಮಾತೂ ಅಲ್ಲ. ಒಂದೇ ಕೆಲಸವನ್ನು ಬೇರೆ ಬೇರೆ ಆಕಾರದ ಕಿಣ್ವಗಳು ಮಾಡುವುದುಂಟು. ಒಪ್ಪಿಕೊಂಡೆ. ಆದರೂ ಬಸ್ಸಿನಲ್ಲಿ, ಒಗ್ಗರಣೆ ಹಾಕುವಾಗ, ದೇವರ ಮುಂದೆ ಕೈಮುಗಿದಾಗ ಕೂಡ ಅದೇ ಕಿಣ್ವ ಬಂದು ಕಣ್ಣು ಮಿಟುಕಿಸುತ್ತಿತ್ತು. ಪ್ರೊಫೆಸರು ಮಾತ್ರ ಅದನ್ನು ಕಮಿಟಿಯವರಿಬ್ಬರಿಗೆ ಫೋನಿನಲ್ಲಿ ಹೊಗಳಿಯೂ ಆಗಿತ್ತು.

ಕಮಿಟಿಯ ಹಿಂದಿನ ದಿನ ಮಧ್ಯಾಹ್ನ ತಾಲೀಮು. ಸೆಮಿನಾರ್ ಕೋಣೆಯಲ್ಲಿ ಹುಡುಗಿ ನಿಂತಳು. ಪ್ರೊಫೆಸರು ಹೊರಗಿನ ಪರೀಕ್ಷಕರಂತೆ ಕೊನೆಯ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತರು.

“ಮೊದಲ್ನೇದಾಗಿ ಯೂಮನ್ ಓಮಾಲಜಿ...”

“ನಿಲ್ಸಮ್ಮ. ಹ್ಯೂಮನ್. ಹೋಮಾಲಜಿ. ಹ ಎಲ್ಲಿ ಬಿಟ್ಟು ಬಂದೆ, ಬಸ್ಸಲ್ಲಾ?”

“ಹ್ಯೂಮನ್ ಓಮಾಲಜಿ.”

“ಒಂದನ್ನ ಹಿಡ್ಕೊಂಡ್ರೆ ಇನ್ನೊಂದು ಜಾರಿಹೋಯ್ತು! ಮೇಡಂ, ಒಂದೊಂದು ಹ ಬಿದ್ದಾಗ್ಲೂ ಒಂದೊಂದು ಗೆರೆ ಹಾಕ್ತಾ ಹೋಗಿ. ನಾಳೆ ಹಲ್ಲಿನ ಡಾಕ್ಟ್ರುಗಳ ಮುಂದೆ ನಿಂತು ಅಲ್ಲು ಅಂದ್ರೆ ಏನಮ್ಮ ಗತಿ?”

ನಾನು ಕೈಗೆ ಸಿಕ್ಕಿದ ರದ್ದಿ ಕಾಗದ ಎಳೆದುಕೊಂಡೆ. ಮನುಷ್ಯನ ಜೊತೆ ಹೋಲಿಸಿದ ಅಂಕಿಗಳನ್ನು ಮೊದಲ ಸಲ ಮುದ್ರಿಸಿದ್ದ ಹಾಳೆಗಳು ಅವು. ಅಂಚಿನಲ್ಲಿ ಗೆರೆ ಹಾಕತೊಡಗಿದೆ. ಹುಡುಗಿ ಹೆದರಿ ಹಕಾರಕ್ಕೆ ಜೋತುಬಿದ್ದಳು. ಎಸೆನ್ಷಿಯಲ್ ಜೀನ್ ಹೆಸೆನ್ಷಿಯಲ್ ಆಯಿತು. ಔಷಧಿ ಹೌಷಧಿಯಾಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ.

“ಮೇಡಂ, ನೀವೂ ನಗ್ತೀರಲ್ಲ!” ಎಂದಳು. ಆಮೇಲೆ ತಿರುಗಿಬಿದ್ದಳು. “ಸರ್, ಅಲ್ಲು ಅಂದ್ರೂ ಬಾಯಾಗಿರೋ ಅಲ್ಲೇ ತಾನೆ? ಕೇಳೋರ್ಗೆ ಗೊತ್ತಾಗಲ್ವಾ?”

“ಕೇಳೋರಿಗೆ ಗೊತ್ತಾಗುತ್ತೆ ಕಣಮ್ಮ. ನಿಘಂಟಿಗೆ ಗೊತ್ತಾಗುತ್ತಾ? ಅಕಾರದ ಪುಟದಲ್ಲಿ ಹುಡುಕಿದ್ರೆ ನಿನ್ನ ಹಲ್ಲು ಸಿಗುತ್ತಾ? ತಲೆ ಕಳ್ಕೊಂಡ ಪದ ಬೇರೆ ಸಾಲಿಗೆ ಹೋಗಿ ಕೂತ್ಬಿಡುತ್ತೆ.”

ನನ್ನ ಪೆನ್ಸಿಲ್ ನಿಂತಿತು. ಅದರ ಮೊನೆಯ ಪಕ್ಕದಲ್ಲೇ ಅಂಕಿಗಳ ಸಾಲು. 4ಇ-67. 2ಇ-81. 9ಇ-98. ಅದರ ಕೆಳಗೆ ಇ-104. ಇ-112. ಇ-131. ಇವುಗಳಲ್ಲಿ ಇ ಅಕ್ಷರದ ಹಿಂದೆ, ಎಡಗಡೆ, ಏನೂ ಇಲ್ಲ. ಬಾಲದ ಅಂಕಿ ಮೂರು ಸ್ಥಾನಕ್ಕೆ ಬೆಳೆದಾಗಲೆಲ್ಲ ಪ್ರೋಗ್ರಾಮು ಜಾಗ ಉಳಿಸಲು ತಲೆಯ ಅಂಕಿಯನ್ನು ಕತ್ತರಿಸಿ ಮುದ್ರಿಸಿತ್ತು. ನಾನು ಅದನ್ನು ಎಷ್ಟು ಸಲ ಓದಿದ್ದೆನೋ. ಓದಿದಾಗಲೆಲ್ಲ ನನ್ನ ಮನಸ್ಸು ಸದ್ದಿಲ್ಲದೆ ಹಿಂದೆ ಒಂದು ಅಂಕಿ ಸೇರಿಸಿಕೊಂಡಿತ್ತು, ಅಲ್ಲು ಎಂದಾಗ ಕಿವಿ ಹಕಾರ ಸೇರಿಸಿಕೊಂಡ ಹಾಗೆ. ಎಕ್ಸೆಲ್ಲಿಗೆ ಅಂಥ ಕಿವಿ ಎಲ್ಲಿಂದ ಬರಬೇಕು?

“ಸರ್,” ಎಂದೆ, “ಇಲ್ಲೂ ಒಂದು ಹ ಬಿದ್ದುಹೋಗಿದೆ.”

“ಎಲ್ಲಿ?”

“ನಿಮ್ಮ ಕಾಲಂನಲ್ಲಿ.”

ಮೂವರೂ ಕಂಪ್ಯೂಟರಿನ ಕೋಣೆಗೆ ಓಡಿದೆವು. ಹಾಳೆ ತೆರೆದು, ನಡುವೆ ನಿಲ್ಲಿಸಿದ್ದ ಅಂಕಿಗಳನ್ನು ಅವುಗಳ ಪಾಡಿಗೆ ಬಿಡಲು ಹುಡುಗಿಗೆ ಹೇಳಿದೆ. ಅವಳು ಗುಂಡಿ ಒತ್ತಿದಳು. ರೇಷನ್ ಅಂಗಡಿಯಲ್ಲಿ ಗಂಡಸರ ಸಾಲು ಹೆಂಗಸರ ಸಾಲು ಬೇರೆಯಾಗುವಂತೆ ಕಾಲಂ ಎರಡು ಭಾಗವಾಯಿತು. ಅಂಕಿಗಳೆಲ್ಲ ಬಲಕ್ಕೆ ಓಡಿದವು. ತಲೆಯಿಲ್ಲದವು ಎಡಗೋಡೆಗೆ ಹೋಗಿ ಒರಗಿದವು. ಎಕ್ಸೆಲ್ ಅಂಕಿಯನ್ನು ಬಲಕ್ಕೂ ಪದವನ್ನು ಎಡಕ್ಕೂ ನಿಲ್ಲಿಸುತ್ತದೆ. ತಲೆಯಿಲ್ಲದ್ದನ್ನು ಅದು ಅಂಕಿಯೆಂದು ತಿಳಿದೇ ಇರಲಿಲ್ಲ, ಯಾವುದೋ ಪದ ಎಂದುಕೊಂಡಿತ್ತು. ಚಿಕ್ಕ ಅಂಕಿಗಳನ್ನು ತೆಗೆ ಎಂದಾಗ ನಿಷ್ಠೆಯಿಂದ ಅಂಕಿಗಳನ್ನು ಮಾತ್ರ ತೆಗೆದು, ಪದಗಳನ್ನು ಹಾಗೇ ಬಿಟ್ಟಿತ್ತು. ಮನುಷ್ಯನನ್ನು ಅಷ್ಟಿಷ್ಟು ಹೋಲುವ ಪ್ರೋಟೀನುಗಳು ಹೊರಗೆ ಹೋಗಿದ್ದವು. ತೀರಾ ಹೆಚ್ಚು ಹೋಲುವವು ಸಭ್ಯಸ್ಥರಂತೆ ಒಳಗೇ ಕುಳಿತಿದ್ದವು.

ನಮ್ಮ ಅಪರೂಪದ ಕಿಣ್ವದ ಮುಂದೆ ಇದ್ದದ್ದು ಇ-112. ರಚನೆ ಬೇರೆಯಲ್ಲ. ನಮ್ಮ ಲಿವರಿನ ಕಿಣ್ವಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ.

ಹುಡುಗಿ ಕುರ್ಚಿಯ ತುದಿಯಲ್ಲಿ ಕುಳಿತಳು. “ಅಂದ್ರೆ ಮೇಡಂ, ಕ್ರಿಮಿಗಿಡೋ ವಿಷಾನ ನಮ್ಗೂ ಇಟ್ಕೊಂಡಂಗೆ.”

ಫ್ಯಾನ್ ಕಂಪ್ಯೂಟರಿನ ಹೊಟ್ಟೆಗೆ ಗಾಳಿ ಬೀಸುತ್ತಿತ್ತು. ಪ್ರೊಫೆಸರು ಕಿಟಕಿಯವರೆಗೆ ಹೋಗಿ ಬಂದರು. ಮತ್ತೆ ಹೋಗಿ ಬಂದರು.

“ನೋಡಿ, ಬೆಳಗಾದ್ರೆ ಕಮಿಟಿ. ಈಗ ಇರೋದನ್ನೇ ಹೇಳ್ಲಿ. ಎಕ್ಸ್‌ಟೆನ್ಷನ್ ಸಿಗ್ಲಿ, ಆಮೇಲೆ ಗುರಿ ಬದಲಾಯ್ಸೋಣ. ಕೆಲ್ಸ ಮಾಡ್ತಾ ಎಲ್ರೂ ಬದಲಾಯಿಸ್ತಾರೆ ಕಣ್ರೀ, ಅದೇನು ಕೊಲೆ ಅಲ್ಲ.”

ಅವರು ತಮ್ಮ ಮಾನಕ್ಕೆ ಹೆದರಿ ಹೇಳಿದರು ಎಂದರೆ ಅನ್ಯಾಯವಾಗುತ್ತದೆ. ಈ ಹುಡುಗಿ ಬರಿಗೈಯಲ್ಲಿ ಹಳ್ಳಿಯ ಬಸ್ಸು ಹತ್ತುವುದನ್ನು ಅವರು ಆಗಲೇ ಕಣ್ಣಲ್ಲಿ ಕಾಣುತ್ತಿದ್ದರು. ನನಗೂ ಅದೇ ಕಾಣುತ್ತಿತ್ತು.

“ಅದನ್ನ ಅವಳು ಹೇಳ್ಬೇಕು ಸರ್,” ಎಂದಷ್ಟೇ ಅಂದೆ.

ಹುಡುಗಿ ಪ್ರೊಫೆಸರನ್ನು ಕೇಳಿದಳು. “ಸುಮ್ನೆ ಏಳ್ಬುಟ್ರೆ ಕಮಿಟಿಯವ್ರಿಗೆ ಗೊತ್ತಾಗ್ತದಾ ಸರ್?”

“ಎಲ್ಲಿಂದ ಗೊತ್ತಾಗುತ್ತೆ? ದಿನಾ ನೋಡೋ ನಮಗೇ ಗೊತ್ತಾಗ್ಲಿಲ್ವಲ್ಲ.”

ಅವಳು ಎಡಗೋಡೆಗೆ ಒರಗಿದ್ದ ಅಂಕಿಗಳನ್ನೇ ನೋಡಿದಳು. “ಅವ್ರಿಗೆ ಗೊತ್ತಾಗೋ ಅಂಗಿದ್ರೆ ಸುಮ್ನಿರ್ಬೋದಾಗಿತ್ತು ಸರ್. ಅವ್ರೇ ತಪ್ಪು ಇಡ್ಕೊಳೋರು. ಯಾರೂ ಇಡ್ಕೊಳಲ್ಲ ಅಂದ್ಮೇಲೆ ನಾವೇ ಏಳ್ಬೇಕು.”

ಪ್ರೊಫೆಸರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತು, “ಸರಿ, ತಲೆ ಇಡಮ್ಮ ಎಲ್ಲಕ್ಕೂ,” ಎಂದರು.

ತಲೆಯಿಲ್ಲದ ಪ್ರತಿಯೊಂದಕ್ಕೂ ಹಿಂದೆ 1 ಎಂಬ ಅಂಕಿ ಸೇರಿಸಿ ಮತ್ತೆ ಸೋಸಿದಳು. ಪಟ್ಟಿ ಬಾಣಲೆಯಲ್ಲಿ ಬೆಂದ ಸೊಪ್ಪಿನಂತೆ ಕುಗ್ಗಿತು. ನಮ್ಮ ಕಿಣ್ವ ಹೋಯಿತು. ಅದರ ಹಿಂದೆಯೇ ಇನ್ನು ಕೆಲವು ಘನವಂತರು ಹೋದರು. ಉಳಿದವುಗಳಲ್ಲಿ ಹೆಚ್ಚಿನವು ಜೀವಕೋಶದ ಗೋಡೆ ಕಟ್ಟುವ ಪ್ರೋಟೀನುಗಳು. ಅವಕ್ಕೆ ಔಷಧಿಗಳು ಆಗಲೇ ಇವೆ, ಹೊಸದೇನಿಲ್ಲ. ಕೊನೆಯಲ್ಲಿ ಒಂದೇ ಒಂದು ಅಪರಿಚಿತ ಪ್ರೋಟೀನು. ಅದಕ್ಕೆ ಹೆಸರಿಲ್ಲ, ಕೆಲಸ ಏನೆಂದು ಯಾರಿಗೂ ಗೊತ್ತಿಲ್ಲ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಅಂಥದ್ದನ್ನು ಕೆಡಿಸಿದರೆ ಅವು ಬದುಕುವುದಿಲ್ಲ ಎನ್ನುವುದು ಮಾತ್ರ ಗೊತ್ತು.

“ಹೆಸರಿಲ್ಲ, ಕೆಲಸ ಗೊತ್ತಿಲ್ಲ. ಇಂಥ ಗಂಡನ್ನ ಯಾವ ಮನೆಯವರು ಒಪ್ತಾರ್ರೀ?” ಎಂದು ಪ್ರೊಫೆಸರು ಹಣೆ ಒತ್ತಿಕೊಂಡರು.

ಮಾರನೆಯ ದಿನ ಹುಡುಗಿ ಅವಳಮ್ಮನ ರೇಷ್ಮೆ ಸೀರೆ ಉಟ್ಟು ಬಂದಳು. ಕಮಿಟಿಯವರು ಸಾಲಾಗಿ ಕುಳಿತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕಾಲು ಕುಣಿಸುತ್ತಿದ್ದೆ. ಇಡೀ ಬೆಂಚು ನಡುಗುತ್ತಿತ್ತು. ಅವಳು ಮೊದಲ ಚಿತ್ರದಲ್ಲೇ ಆ ಕಾಲಂ ತೋರಿಸಿದಳು, ನಡುವೆ ನಿಂತದ್ದು ಮತ್ತು ಒಡೆದದ್ದು, ಅಕ್ಕಪಕ್ಕ. ಏನು ತಪ್ಪಾಯಿತು, ಹೇಗೆ ಗೊತ್ತಾಯಿತು, ಈಗ ಏನು ಉಳಿದಿದೆ ಎಂದು ಹಲಗೆಯ ಮೇಲೆ ಬರೆದು ಬಿಡಿಸಿ ಹೇಳಿದಳು. ಹಕಾರಗಳು ಎಷ್ಟು ಬಿದ್ದವೋ, ನಾನು ಲೆಕ್ಕ ಇಡಲಿಲ್ಲ. ಪ್ರೊಫೆಸರೂ ಇಡಲಿಲ್ಲ.

ಕಮಿಟಿಯ ಹಿರಿಯರು ಕನ್ನಡಕ ತೆಗೆದರು. “ಇಷ್ಟು ದಿನ ಆದ್ಮೇಲೆ ನಿಮ್ಮ ಕೈಲಿರೋದು ಹೆಸರಿಲ್ಲದ ಒಂದು ಪ್ರೋಟೀನು. ಅಷ್ಟೇನಾ?”

“ಅಷ್ಟೇ ಸರ್.”

“ಈ ಕ್ರಿಮಿಗೂ ಅದು ಬೇಕೇಬೇಕು ಅಂತ ಏನು ಗ್ಯಾರಂಟಿ?”

“ಗ್ಯಾರಂಟಿ ಇಲ್ಲ ಸರ್. ಕ್ರಿಮಿ ಬೆಳಸಿ ಆ ಜೀನ್ ಒಡೆಯಕ್ಕೆ ನೋಡ್ಬೇಕು. ಒಡುದ್ರೆ ಸಾಯ್ತದೆ ಅಂದ್ರೆ ನಾನ್ ಸರಿ. ಒಡುದ್ಮೇಲೂ ಆರಾಮಾಗಿದ್ರೆ ನಾನ್ ತಪ್ಪು.”

ಇನ್ನೊಬ್ಬರು ಕೇಳಿದರು, “ಈ ಕಾಲಂ ಎಡವಟ್ಟು ಮಾಡಿದ್ದು ಯಾರು? ನೀವಾ?”

ಅವಳು ಉತ್ತರಿಸುವ ಮೊದಲೇ ನಮ್ಮ ಪ್ರೊಫೆಸರು ಎದ್ದು ನಿಂತರು. “ಅಂಕಿಗಳನ್ನ ನಡುವೆ ನಿಲ್ಸಿದ್ದು ನಾನು,” ಎಂದು ಹೇಳಿ, ಶರಟು ಸರಿಮಾಡಿಕೊಂಡು ಕುಳಿತುಕೊಂಡರು.

ನಮ್ಮನ್ನು ಹೊರಗೆ ಕಳಿಸಿದರು. ಕಾರಿಡಾರಿನಲ್ಲಿ ನಾನು ಆ ತುದಿಗೆ, ಪ್ರೊಫೆಸರು ಈ ತುದಿಗೆ. ನಡುವೆ ಎದುರಾದಾಗ ಪರಸ್ಪರ ಮುಖ ನೋಡದೆ ದಾಟಿಕೊಳ್ಳುತ್ತಿದ್ದೆವು. ಯಾರೋ ಛತ್ರಿ ಕಳೆದುಕೊಂಡ ನೋಟೀಸೊಂದು ಗೋಡೆಯ ಮೇಲಿತ್ತು. ಅದನ್ನು ಅವರು ಪರೀಕ್ಷೆಗೆ ಓದುವವರಂತೆ ಮತ್ತೆ ಮತ್ತೆ ಓದುತ್ತಿದ್ದರು. ಹುಡುಗಿ ಮಾತ್ರ ಬೆಂಚಿನಲ್ಲಿ ಅಲುಗಾಡದೆ ಕೂತಿದ್ದಳು.

ಕರೆದು ಹೇಳಿದರು. ಎರಡು ವರ್ಷ ಇಲ್ಲ. ಆರು ತಿಂಗಳು. ಅಷ್ಟರಲ್ಲಿ ಆ ಪ್ರೋಟೀನು ಕ್ರಿಮಿಯ ಜೀವಕ್ಕೆ ಬೇಕೋ ಬೇಡವೋ ತೋರಿಸಬೇಕು. ತೋರಿಸಿದರೆ ಮುಂದಿನ ಮಾತು. “ಪಟ್ಟಿ ಬಡವಾಗಿದೆ, ಆದ್ರೆ ನಂಬಬಹುದು,” ಎಂದರು ಹಿರಿಯರು.

ಹೊರಗೆ ಬಂದಾಗ ಅವಳು ಅಳುತ್ತಾಳೆ ಎಂದುಕೊಂಡು ನಾನು ಕರ್ಚೀಫು ತೆಗೆದು ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಕೈಗಂಟಿದ್ದ ಸೀಮೆಸುಣ್ಣ ಒರೆಸಿಕೊಂಡಳು.

“ಮೇಡಂ, ಜಾರ್‌ಗೆ ಗ್ಯಾಸ್ ಐತಾ?”

ಇರಲಿಲ್ಲ. ಒಸಡಿನ ಕ್ರಿಮಿಗೆ ಗಾಳಿ ತಾಕಿದರೆ ಬೆಳೆಯುವುದಿಲ್ಲ. ಮುಚ್ಚಿದ ಜಾಡಿಯೊಳಗಿನ ಗಾಳಿ ತೆಗೆದು ಬೇರೆ ಗ್ಯಾಸು ತುಂಬಿ ಬೆಳೆಸಬೇಕು. ಎಲ್ಲವೂ ಕಂಪ್ಯೂಟರಿನೊಳಗೇ ನಡೆಯುತ್ತಿದ್ದುದರಿಂದ ಸಿಲಿಂಡರ್ ಖಾಲಿಯಾದದ್ದನ್ನು ನಾವು ಗಮನಿಸಿರಲೇ ಇಲ್ಲ. ಗ್ಯಾಸು ಮಾರುವವರು ಇದ್ದದ್ದು ಮೇಟಗಳ್ಳಿಯಲ್ಲಿ.

“ನಾಳೆ ತರಿಸೋಣ ಕಣೇ. ಮೊದ್ಲು ಏನಾದ್ರೂ ತಿನ್ನು.”

“ತಿನ್ಕೊಂಡು ಕೂತ್ರೆ ಆಗಲ್ಲ ಮೇಡಂ. ಆ ಮುಂಡೇವು ಪ್ಲೇಟ್ ಮೇಲೆ ಕಾಣಿಸ್ಕೊಳ್ಳಕ್ಕೇ ವಾರ ಎಳೀತವೆ. ನಡೀರಿ.”

ಹೀಗೆ ಮಧ್ಯಾಹ್ನದ ಬಿಸಿಲಿನಲ್ಲಿ ನಾವಿಬ್ಬರೂ ಮೇಟಗಳ್ಳಿಯಿಂದ ಆಟೋದಲ್ಲಿ ವಾಪಸ್ಸು ಬರುತ್ತಿದ್ದೆವು. ನಡುವೆ ಸಿಲಿಂಡರ್. ಅದು ಉರುಳದಂತೆ ಅವಳು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ನೋಡಿ ಕೊನೆಗೆ ತಡೆಯಲಾರದೆ ಕೇಳಿದ.

“ಏನಕ್ಕಾ, ರೇಷ್ಮೆ ಸೀರೆ, ಸಿಲಿಂಡ್ರು. ಮದ್ವೆ ಅಡ್ಗೆಗಾ?”

“ಅಲ್ಲ ಕಣಣ್ಣ. ಉಳ ಸಾಕಕ್ಕೆ.”

“ರೇಷ್ಮೆ ಉಳಾನಾ?”

“ಬಾಯ್ ಉಳ.”

ಅವನು ಆಟೋವನ್ನೇ ನಿಧಾನ ಮಾಡಿಬಿಟ್ಟ. “ಬಾಯ್ ಉಳಾನ ಸಾಯಿಸ್ತಾರಲ್ವಾ ಅಕ್ಕಾ?”

“ಸಾಯ್ಸಕ್ಕೇ ಕಣಣ್ಣ. ಅದಕ್ಕೇ ಮೊದ್ಲು ಸಾಕ್ಬೇಕು. ವಸಿ ಜೋರಾಗ್ ಓಡ್ಸಿ, ಇರೋದು ಆರೇ ತಿಂಗ್ಳು.”